ನಾಳೆಯ ಕತೆಯಲ್ಲಿ ನಮ್ಮ ಪಾತ್ರ ಯಾವುದು?

ವೈಜ್ಞಾನಿಕ ಕಾದಂಬರಿ ಎಂದೊಡನೆ ನಮ್ಮಲ್ಲಿ ಅನೇಕರ ಮುಖದಲ್ಲಿ ಉದಾಸೀನದ ನಗೆಯೊಂದು ಮೂಡುತ್ತದೆ. ಅದು ಮಕ್ಕಳ ಓದು, ರೈಲು ಪ್ರಯಾಣದ ಓದು, ಹೊತ್ತು ಹೋಗದವರ ಓದು ಎಂಬುದು ಸಾಹಿತ್ಯ ವಲಯದ ತೀರ್ಮಾನ. ನಮ್ಮ ಸಮುದಾಯದ ಹಿರಿಯರನ್ನು ಕೇಳಿದರೆ, ಇಲ್ಲದ ಲೋಕದ ಸುಳ್ಳು ಕತೆ ಓದಿ ಇಹಕ್ಕೂ ಪರಕ್ಕೂ ಏನು ಲಾಭ ಎಂದು ಮರುಪ್ರಶ್ನೆ ಹಾಕುತ್ತಾರೆ. ಈ ಎರಡೂ ತೀರ್ಮಾನಗಳನ್ನು ನಾವು ಒಪ್ಪುವುದಿಲ್ಲ. ನಾಳೆ ಎಂಬುದು ಇನ್ನೂ ಯಾರ ಹೆಸರಿಗೂ ಖಾತೆಯಾಗದ ಜಮೀನು. ಅದನ್ನು ಮೊದಲು ಅಳೆದು ಬೇಲಿ ಹಾಕುವವರು ಕತೆಗಾರರು. ಅಲ್ಲಿ ಯಾರಿಗೆ ಮನೆ, ಯಾರಿಗೆ ಜಗಲಿ, ಯಾರಿಗೆ ಬರೀ ಹೊರಗಿನ ಕೂಲಿ ಎಂಬುದನ್ನೂ ಅವರೇ ಹಂಚುತ್ತಾರೆ. ಈ ಹಂಚಿಕೆ ನಡೆಯುವಾಗ ನಾವು ಅಸಡ್ಡೆ ತೋರಿಸಿ ಕೂತರೆ, ಆಮೇಲೆ ನಮಗೆ ಸಿಕ್ಕ ಪಾಲಿನ ಬಗ್ಗೆ ದೂರುವುದರಲ್ಲಿ ಅರ್ಥವಿಲ್ಲ.

ಇತ್ತೀಚೆಗೆ ನಾವು ನಾಲ್ವರು ಲೇಖಕರ ಕೃತಿಗಳನ್ನು ಬೆನ್ನುಬೆನ್ನಿಗೆ ಓದಿದೆವು. ಅಮೆರಿಕದ ಫ್ರಾಂಕ್ ಹರ್ಬರ್ಟ್‌ರ 'ಡ್ಯೂನ್' (1965) ಮತ್ತು ಅದರ ಮುಂದಿನ ಭಾಗವಾದ 'ಡ್ಯೂನ್ ಮೆಸ್ಸಾಯ' (1969), ಚೀನಾದ ಲಿಯು ಸಿಷಿನ್‌ರ 'ತ್ರೀ ಬಾಡಿ ಪ್ರಾಬ್ಲಮ್' (2008), ಇರಾಕಿನ ಅಹ್ಮದ್ ಸಅದಾವಿಯವರ 'ಫ್ರಾಂಕೆನ್‌ಸ್ಟೈನ್ ಇನ್ ಬಗ್ದಾದ್' (2013), ಮತ್ತು ಬಂಗಾಳದ ಬೇಗಂ ರುಖಿಯಾ ಸಖಾವತ್ ಹುಸೇನ್‌ರ 'ಸುಲ್ತಾನಾಳ ಕನಸು' (1905). ಇವುಗಳಲ್ಲಿ ಬರುವ ಯಂತ್ರಗಳು, ಗ್ರಹಗಳು, ಆಯುಧಗಳು ನಮ್ಮನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಮನುಷ್ಯರು. ಆದ್ದರಿಂದ ಎಲ್ಲ ಪುಸ್ತಕಗಳಿಗೂ ನಾವು ಒಂದೇ ಪ್ರಶ್ನೆ ಕೇಳಿದೆವು: ಈ ಕತೆಯಲ್ಲಿ ಅನುಮಾನಪಡುವ, ಪ್ರಶ್ನಿಸುವ, ಮನಸ್ಸು ಬದಲಿಸುವ ಹಕ್ಕು ಯಾರಿಗಿದೆ? ಯಾರು ಕೇವಲ ನಂಬುತ್ತಾರೆ, ಹೋರಾಡುತ್ತಾರೆ, ಸಾಯುತ್ತಾರೆ?

ಸ್ಟಿಲ್ಗರ್‌ಗೆ ಏನಾಯಿತು?

'ಡ್ಯೂನ್' ನಡೆಯುವುದು ಅರಾಕಿಸ್ ಎಂಬ ಮರಳುಗಾಡಿನ ಗ್ರಹದಲ್ಲಿ. ಅಲ್ಲಿ ಸಿಗುವ 'ಸ್ಪೈಸ್' ಎಂಬ ದ್ರವ್ಯವಿಲ್ಲದೆ ನಕ್ಷತ್ರಗಳ ನಡುವೆ ಹಡಗುಗಳು ಓಡಲಾರವು. ಹೀಗಾಗಿ ಸಾಮ್ರಾಜ್ಯದ ಕಣ್ಣೆಲ್ಲ ಅದರ ಮೇಲೆ. ಪೆಟ್ರೋಲಿನ ರಾಜಕೀಯ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗ್ರಹದ ಮೂಲನಿವಾಸಿಗಳು ಫ್ರೆಮೆನ್ನರು. ಅವರ ಮಾತಿನಲ್ಲಿ ಮಹ್ದಿ ಇದ್ದಾನೆ, ಜಿಹಾದ್ ಇದೆ, ನಾಯಿಬ್ ಇದ್ದಾನೆ, ಲಿಸಾನ್ ಅಲ್‌ಗೈಬ್ ಇದ್ದಾನೆ. ಕಾಕಸಸ್ ಪರ್ವತಗಳಲ್ಲಿ ರಷ್ಯದ ಚಕ್ರವರ್ತಿಯ ಸೇನೆಯನ್ನು ಎದುರಿಸಿದ ಇಮಾಮ್ ಶಾಮಿಲರ ಕುರಿತು ಲೆಸ್ಲಿ ಬ್ಲಾಂಚ್ 1960ರಲ್ಲಿ ಪ್ರಕಟಿಸಿದ ಪುಸ್ತಕದಿಂದಲೂ ಹರ್ಬರ್ಟ್ ಬಹಳಷ್ಟನ್ನು ತೆಗೆದುಕೊಂಡಿದ್ದಾರೆ. ಅಂದರೆ ಇಡೀ ಕಾದಂಬರಿಯ ಉಸಿರು ಮುಸ್ಲಿಂ ಜಗತ್ತಿನಿಂದ ಎರವಲು ಬಂದದ್ದು.

ಎರವಲು ತಪ್ಪಲ್ಲ. ಹರ್ಬರ್ಟ್ ದ್ವೇಷದಿಂದ ಬರೆದವರೂ ಅಲ್ಲ. ಫ್ರೆಮೆನ್ ನಾಯಕ ಸ್ಟಿಲ್ಗರ್ ಮೊದಲ ಬಾರಿಗೆ ಹೊಸ ಪ್ರಭುವಿನ ಸಭೆಗೆ ಬಂದಾಗ ಮೇಜಿನ ಮೇಲೆ ಉಗುಳುತ್ತಾನೆ. ಸಭೆ ಕೆರಳುತ್ತದೆ. ಆದರೆ ಹನಿ ನೀರಿಗೂ ಪ್ರಾಣದ ಬೆಲೆಯಿರುವ ನಾಡಿನಲ್ಲಿ ತನ್ನ ಮೈಯ ತೇವವನ್ನು ಕೊಡುವುದೆಂದರೆ ದೊಡ್ಡ ಗೌರವ. ಅದನ್ನು ಬಲ್ಲ ಒಬ್ಬ ಯೋಧ ಎದ್ದು ಕೃತಜ್ಞತೆ ಹೇಳಿ ತಾನೂ ಉಗುಳುತ್ತಾನೆ. ಪರರ ಸಂಸ್ಕೃತಿಯನ್ನು ಕಂಡು ಮೂಗು ಮುರಿಯುವ ಮೊದಲು ಕೊಂಚ ತಡೆದು ನೋಡಿ ಎಂಬ ಪಾಠವನ್ನು ಇಷ್ಟು ಚುರುಕಾಗಿ ಕಲಿಸಿದ ಪುಟಗಳು ಕಡಿಮೆ. ಅಲ್ಲಿಯ ಸ್ಟಿಲ್ಗರ್ ಸ್ವಾಭಿಮಾನಿ, ಲೆಕ್ಕಾಚಾರದ ಮನುಷ್ಯ, ಯಾರನ್ನೂ ಸುಲಭವಾಗಿ ನಂಬದವ. ನಮಗೆ ಆತ ತುಂಬಾ ಇಷ್ಟವಾದ.

ಆದರೆ ಕತೆಯ ನಾಯಕ ಆತನಲ್ಲ. ನಾಯಕ ಹೊರಗಿನಿಂದ ಬಂದ ಪ್ರಭುವಿನ ಮಗ ಪಾಲ್. ಒಬ್ಬ ರಕ್ಷಕ ಬರುತ್ತಾನೆ ಎಂಬ ಭವಿಷ್ಯವಾಣಿಯನ್ನು ಬೆನೆ ಜೆಸರಿಟ್ ಎಂಬ ಸ್ತ್ರೀಯರ ಸಂಘವೊಂದು ತನ್ನ ಅನುಕೂಲಕ್ಕಾಗಿ ಫ್ರೆಮೆನ್ನರ ನಡುವೆ ಬಹಳ ಹಿಂದೆಯೇ ಬಿತ್ತಿ ಹೋಗಿರುತ್ತದೆ. ಪಾಲ್ ಮತ್ತು ಆತನ ತಾಯಿ ಆ ಬೆಳೆಯನ್ನು ಕಟಾವು ಮಾಡಿಕೊಳ್ಳುತ್ತಾರೆ. ಕಾದಂಬರಿಯ ಕೊನೆಯ ಹೊತ್ತಿಗೆ ಪಾಲ್ ಒಂದು ಕ್ಷಣ ಸ್ಟಿಲ್ಗರ್‌ನ ಮುಖ ನೋಡಿ, ತನ್ನ ಗೆಳೆಯನಾಗಿದ್ದವನು ಈಗ ಕೇವಲ ಭಕ್ತನಾಗಿ ಉಳಿದಿದ್ದಾನೆ ಎಂದು ಅರಿಯುತ್ತಾನೆ. ನಮ್ಮ ಪಾಲಿಗೆ ಇಡೀ ಪುಸ್ತಕದ ಅತ್ಯಂತ ದುಃಖದ ಜಾಗ ಇದು. ಒಬ್ಬ ಮನುಷ್ಯ ನಮ್ಮ ಕಣ್ಣೆದುರೇ ಕಾಣೆಯಾಗುತ್ತಾನೆ. ಆತನ ದೇಹ ಇದೆ, ಕತ್ತಿ ಇದೆ, ಅನುಮಾನ ಮಾತ್ರ ಹೋಗಿಬಿಟ್ಟಿದೆ.

ಹರ್ಬರ್ಟ್‌ಗೆ ಇದು ಗೊತ್ತಿರಲಿಲ್ಲ ಎನ್ನಲಾಗದು. ವೀರನಾಯಕನೊಬ್ಬನ ಕೈಗೆ ಸಿಕ್ಕುವುದೇ ಒಂದು ಜನಾಂಗಕ್ಕೆ ಬರಬಹುದಾದ ದೊಡ್ಡ ಅನಾಹುತ ಎಂಬ ಎಚ್ಚರಿಕೆ ಕಾದಂಬರಿಯೊಳಗೇ ಇದೆ. ಎರಡನೆಯ ಭಾಗದಲ್ಲಿ ಅದರ ಫಲ ಕಾಣುತ್ತದೆ. ಪಾಲ್‌ನ ಹೆಸರಿನಲ್ಲಿ ನಡೆದ ಯುದ್ಧದಲ್ಲಿ ಸತ್ತವರು 6,100 ಕೋಟಿ. ಪಾಲ್ ಹಳೆಯ ಭೂಮಿಯ ಹಿಟ್ಲರನ ಲೆಕ್ಕ ಹೇಳಿದಾಗ ಸ್ಟಿಲ್ಗರ್‌ಗೆ ಆ ಸಂಖ್ಯೆ ತೀರಾ ಅಲ್ಪವೆನಿಸುತ್ತದೆ. ಒಂದು ಹನಿ ತೇವವನ್ನು ಉಡುಗೊರೆಯಾಗಿ ಕೊಟ್ಟಿದ್ದ ಅದೇ ಸ್ಟಿಲ್ಗರ್! ಪಟ್ಟಭದ್ರರು ಬಿತ್ತಿದ ಭಕ್ತಿ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳುವುದು ಕಷ್ಟ.

ಹಾಗಾದರೆ ನಮ್ಮ ತಕರಾರು ಏನು? ಈ ದುರಂತವನ್ನು ಅರಿಯುವವನು ಪಾಲ್. ಅದಕ್ಕಾಗಿ ನರಳುವವನೂ ಪಾಲ್. ಒಳಗಿನ ತಳಮಳವೆಲ್ಲ ಆತನದು. ಫ್ರೆಮೆನ್ನರಿಗೆ ಉಳಿದಿರುವುದು ಕೂಗು ಮತ್ತು ಕತ್ತಿ. ಪಾಲ್‌ನನ್ನು ಮೊದಲೇ ಎದುರಿಸಿದ ಜಾಮಿಸ್ ದ್ವಂದ್ವಯುದ್ಧದಲ್ಲಿ ಸಾಯುತ್ತಾನೆ. ಎರಡನೆಯ ಭಾಗದಲ್ಲಿ ಫರೋಕ್ ಎಂಬ ಮುದಿ ಯೋಧ ಬರುತ್ತಾನೆ. ಸಮುದ್ರ ಎಂಬುದೊಂದಿದೆಯಂತೆ, ಅದನ್ನು ನೋಡಬೇಕು ಎಂಬ ಆಸೆಯಿಂದ ಆತ ಯುದ್ಧಕ್ಕೆ ಹೋದವ. ನೋಡುತ್ತಾನೆ, ನೀರಿಗಿಳಿಯುತ್ತಾನೆ, ಯುದ್ಧದ ಹುಚ್ಚು ಬಿಟ್ಟು ಮೇಲೆ ಬರುತ್ತಾನೆ. ಎಂಥ ಪಾತ್ರ! ಆತನ ಮೇಲೆಯೇ ಒಂದು ಕಾದಂಬರಿ ಬರೆಯಬಹುದಿತ್ತು. ಆದರೆ ಪಿತೂರಿಗಾರರ ಸಾಲಿನಲ್ಲಿ ಕೆಲವೇ ಪುಟಗಳ ಜಾಗ ಕೊಟ್ಟು ಲೇಖಕರು ಆತನನ್ನು ಮುಗಿಸಿಬಿಡುತ್ತಾರೆ. ಸಮುದ್ರ ಕಂಡು ಬದಲಾದ ಮುದುಕನಿಗೆ ಕೆಲವು ಪುಟ, ಸಿಂಹಾಸನದ ಮೇಲೆ ಕೂತು ಕೊರಗುವ ಚಕ್ರವರ್ತಿಗೆ ಎರಡು ಸಂಪುಟ. ನಾವು ಹೇಳುವ ಹಂಚಿಕೆ ಇದೇ.

ಡೆನಿ ವಿಲನೂವ್ ನಿರ್ದೇಶಿಸಿದ ಚಲನಚಿತ್ರಗಳು 2021 ಮತ್ತು 2024ರಲ್ಲಿ ಬಂದವು. ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ 'ಜಿಹಾದ್' ಎಂಬ ಪದ ಅಲ್ಲಿ ಮಾಯವಾಗಿ 'ಪವಿತ್ರ ಯುದ್ಧ' ಎಂಬ ಇಂಗ್ಲಿಷ್ ಮಾತು ಬಂತು. ಮರಳು ಜೋರ್ಡಾನಿನ ವಾದಿ ರಮ್ ಮತ್ತು ಅಬುಧಾಬಿಯದು. ಆದರೆ ತೆರೆಯ ಮೇಲಿನ ಮುಖ್ಯ ಫ್ರೆಮೆನ್ ಪಾತ್ರಗಳು ಆ ನೆಲದವರ ಪಾಲಿಗೆ ಬರಲಿಲ್ಲ. ಹರ್ಬರ್ಟ್ ಆ ಪದವನ್ನು ಬಳಸಿದಾಗ ಅದು ಇಂದಿನಂತೆ ಬೈಗುಳವಾಗಿರಲಿಲ್ಲ. ಅದರ ಮೂಲಾರ್ಥ ಶ್ರಮ, ಹೋರಾಟ. ಅದನ್ನು ಟಿ.ವಿ. ಚಾನೆಲ್ಲುಗಳೂ ಬಾಂಬು ಹಿಡಿದವರೂ ಸೇರಿ ಕೆಡಿಸಿದ ಮೇಲೆ, ಕೆಟ್ಟದ್ದನ್ನು ಸರಿಪಡಿಸುವ ಬದಲು ಪದವನ್ನೇ ಅಳಿಸುವುದು ಚಿತ್ರೋದ್ಯಮಕ್ಕೆ ಸುಲಭವಾಗಿ ಕಂಡಿರಬೇಕು. ಹಾಗೆಂದು ಚಿತ್ರದ ಒಂದು ಒಳ್ಳೆಯ ಕೆಲಸವನ್ನು ಮುಚ್ಚಿಡಬಾರದು. 2024ರ ಭಾಗದಲ್ಲಿ ಚಾನಿ ಎಂಬ ಫ್ರೆಮೆನ್ ಹೆಣ್ಣು ಆ ಭವಿಷ್ಯವಾಣಿಯನ್ನು ನಂಬಲು ನಿರಾಕರಿಸುತ್ತಾಳೆ. ಪುಸ್ತಕ ಕೊಡದ ಅನುಮಾನದ ಹಕ್ಕನ್ನು ಚಿತ್ರ ಒಬ್ಬಳಿಗಾದರೂ ಕೊಟ್ಟಿದೆ.

ಕಣ್ಣೀರಿಗೂ ಗಡಿ ಇದೆಯೇ?

'ತ್ರೀ ಬಾಡಿ ಪ್ರಾಬ್ಲಮ್' ಕಾದಂಬರಿಯ ಯೆ ವೆಂಜೀ ನಮ್ಮನ್ನು ಬಹಳ ದಿನ ಬಿಡಲಿಲ್ಲ. 1967ರಲ್ಲಿ, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಉನ್ಮಾದದಲ್ಲಿ, ಆಕೆಯ ತಂದೆಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಹೊಡೆದು ಕೊಲ್ಲುತ್ತಾರೆ. ಭೌತಶಾಸ್ತ್ರದ ಪ್ರಾಧ್ಯಾಪಕನಾದ ಆತ ಮಾಡಿದ ಅಪರಾಧ, ಸಾಪೇಕ್ಷತಾ ಸಿದ್ಧಾಂತವನ್ನು ಪಾಠ ಮಾಡಿದ್ದು. ಹೊಡೆದವರು ಹದಿಹರೆಯದ ಹುಡುಗಿಯರು. ಗಂಡನ ವಿರುದ್ಧ ಸಾಕ್ಷಿ ಹೇಳಿದವಳು ಆತನ ಹೆಂಡತಿಯೇ. ಮುಂದೆ ಆ ಮಗಳು ಬಾಹ್ಯಾಕಾಶ ಕೇಂದ್ರವೊಂದರಲ್ಲಿ ಕೂತು ಬೇರೊಂದು ಲೋಕದಿಂದ ಬಂದ ಸಂದೇಶ ಕೇಳುತ್ತಾಳೆ. ಉತ್ತರ ಕೊಡಬೇಡಿ, ಕೊಟ್ಟರೆ ನಿಮ್ಮ ಮೇಲೆ ದಂಡೆತ್ತಿ ಬರುತ್ತಾರೆ ಎಂದು ಅಲ್ಲಿಯ ಒಬ್ಬ ಶಾಂತಿಪ್ರಿಯ ಎಚ್ಚರಿಸಿದರೂ ಆಕೆ ಉತ್ತರಿಸುತ್ತಾಳೆ. ಮನುಕುಲಕ್ಕೆ ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿ ಇಲ್ಲ ಎಂಬ ತೀರ್ಮಾನಕ್ಕೆ ಆಕೆ ಬಂದಾಗಿರುತ್ತದೆ.

ಆಕೆಯ ಕೃತ್ಯ ಒಪ್ಪತಕ್ಕದ್ದಲ್ಲ. ಆದರೆ ಆಕೆಯನ್ನು ದ್ವೇಷಿಸಲು ಸಾಧ್ಯವಾಗುವುದಿಲ್ಲ. ಒಬ್ಬಳು ಹೆಣ್ಣು ಮನುಷ್ಯಜಾತಿಯ ಮೇಲೆ ನಂಬಿಕೆ ಕಳೆದುಕೊಳ್ಳುವ ಹಾದಿಯನ್ನು ಲೇಖಕರು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಾರೆ. ಗುಂಪೊಂದು ಒಬ್ಬ ಮುದುಕನನ್ನು ಸುತ್ತುವರಿದು ಹೊಡೆಯುವ ದೃಶ್ಯವನ್ನು ಈ ದೇಶದಲ್ಲಿ ಕೂತು ಓದುವವರಿಗೆ ಅದು ಬೇರೆ ದೇಶದ ಕತೆ ಎನಿಸುವುದಿಲ್ಲ. ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದ 2014ರಲ್ಲಿ ಬಂತು. 2015ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಸಂದಿತು. ಅದು ಅರ್ಹ ಗೌರವ.

ಆದರೆ ಪುಸ್ತಕ ಮುಚ್ಚಿದ ಮೇಲೆ ಲೇಖಕರ ಒಂದು ಮಾತು ನಮ್ಮನ್ನು ಎದುರಾಯಿತು. 2019ರಲ್ಲಿ ಅಮೆರಿಕದ 'ನ್ಯೂಯಾರ್ಕರ್' ಪತ್ರಿಕೆಯವರು ಷಿನ್‌ಜಿಯಾಂಗ್‌ನಲ್ಲಿ ಉಯಿಗುರ್ ಮುಸ್ಲಿಮರನ್ನು ಶಿಬಿರಗಳಲ್ಲಿ ಕೂಡಿಹಾಕಿರುವ ಬಗ್ಗೆ ಕೇಳಿದಾಗ, ಲಿಯು ತಮ್ಮ ಸರಕಾರವನ್ನು ಸಮರ್ಥಿಸಿಕೊಂಡರು. ಸರಕಾರ ಅವರನ್ನು ಬಡತನದಿಂದ ಮೇಲೆತ್ತುತ್ತಿದೆ ಎಂಬರ್ಥದ ಮಾತಾಡಿದರು. ಆ ಪ್ರದೇಶದಲ್ಲಿ ನಡೆದಿರುವುದು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. 1967ರ ಒಬ್ಬ ಪ್ರಾಧ್ಯಾಪಕನಿಗಾಗಿ ಲೋಕವನ್ನೇ ಅಳಿಸಿದ ಲೇಖಕರಿಗೆ ತಮ್ಮ ಕಾಲದ ಉಯಿಗುರ್ ಪ್ರಾಧ್ಯಾಪಕ ಕಾಣಿಸಲಿಲ್ಲ. ನಾಲ್ಕು ಜ್ಯೋತಿರ್ವರ್ಷ ದೂರದ ಜೀವಿಗಳ ಸಂಕಟವನ್ನು ಕಲ್ಪಿಸಬಲ್ಲ ಮನಸ್ಸು ತನ್ನದೇ ದೇಶದ ಪಶ್ಚಿಮ ಗಡಿಯವರೆಗೆ ಹೋಗಲು ಏಕೆ ಸೋತಿತು?

ಇದನ್ನು ಕೇಳಿ ಚಪ್ಪಾಳೆ ತಟ್ಟುವ ನಮ್ಮವರು ಕೊಂಚ ತಾಳಬೇಕು. ಅದೇ 2019ರ ಜುಲೈಯಲ್ಲಿ ಷಿನ್‌ಜಿಯಾಂಗ್ ನೀತಿಯನ್ನು ಬೆಂಬಲಿಸಿ ವಿಶ್ವಸಂಸ್ಥೆಗೆ ಪತ್ರ ಬರೆದ ದೇಶಗಳಲ್ಲಿ ಸೌದಿ ಅರೇಬಿಯಾ ಮತ್ತು ಪಾಕಿಸ್ತಾನಗಳೂ ಇದ್ದವು. ಕಾದಂಬರಿಕಾರ ಸರಕಾರಕ್ಕೆ ಹೆದರಿರಬಹುದು ಎಂದಾದರೂ ಹೇಳಬಹುದು. ಉಮ್ಮತ್ತಿನ ಹೆಸರು ಹೇಳುವ ಈ ದೊರೆಗಳು ಯಾವ ಹೆದರಿಕೆಯಿಂದ ಸಹಿ ಹಾಕಿದರು?

ಹೆಣಗಳನ್ನು ಹೊಲಿದವನು

ಸಅದಾವಿಯವರ ಕಾದಂಬರಿಗೆ 2014ರಲ್ಲಿ ಅರಬ್ ಕಾದಂಬರಿಯ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಇಂಗ್ಲಿಷ್ ಅನುವಾದ 2018ರಲ್ಲಿ ಮ್ಯಾನ್ ಬುಕರ್ ಇಂಟರ್‌ನ್ಯಾಷನಲ್‌ನ ಅಂತಿಮ ಪಟ್ಟಿಯಲ್ಲಿತ್ತು. 2019ರಲ್ಲಿ ವೈಜ್ಞಾನಿಕ ಕಾದಂಬರಿಗಳಿಗಾಗಿಯೇ ಇರುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. ಮೇರಿ ಶೆಲ್ಲಿ 1818ರಲ್ಲಿ ಬರೆದ ಕತೆಯಲ್ಲಿ ಒಬ್ಬ ವಿಜ್ಞಾನಿ ತನ್ನ ಮಹತ್ವಾಕಾಂಕ್ಷೆಗಾಗಿ ಹೆಣದ ತುಂಡುಗಳಿಂದ ಜೀವಿಯೊಂದನ್ನು ನಿರ್ಮಿಸುತ್ತಾನೆ. 2005ರ ಬಗ್ದಾದಿನಲ್ಲಿ ಪ್ರಯೋಗಾಲಯ ಬೇಕಿಲ್ಲ. ತುಂಡುಗಳು ಬೀದಿಯಲ್ಲೇ ಬಿದ್ದಿವೆ.

ಹಾದಿ ಎಂಬ ಗುಜರಿ ವ್ಯಾಪಾರಿ, ಸುಳ್ಳುಗಾರನೆಂದೇ ಹೆಸರಾದವ, ಕಾರ್‌ಬಾಂಬಿನಲ್ಲಿ ಗೆಳೆಯನನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಸ್ಫೋಟದ ಜಾಗಗಳಿಂದ ಅಂಗಾಂಗಗಳನ್ನು ಆಯ್ದು ತಂದು ಒಂದು ಪೂರ್ಣ ದೇಹವಾಗಿ ಹೊಲಿಯುತ್ತಾನೆ. ಆತನ ಉದ್ದೇಶ ಸರಳ. ಚೂರುಗಳನ್ನು ಯಾರೂ ಮಣ್ಣು ಮಾಡುವುದಿಲ್ಲ. ಅವು ಒಂದು ದೇಹವಾದರೆ ಜನ ಅದನ್ನು ಮನುಷ್ಯನೆಂದು ಗೌರವಿಸಿ ದಫನ ಮಾಡಿಯಾರು. ಮಯ್ಯತ್ತಿನ ಹಕ್ಕು ಏನೆಂದು ತಿಳಿದ ನಮ್ಮ ಓದುಗರಿಗೆ ಈ ಗುಜರಿಯವನ ಹಟ ತಟ್ಟನೆ ಅರ್ಥವಾಗುತ್ತದೆ. ಜನಾಝಾಕ್ಕೆ ಒಂದು ಹೆಗಲು ಸಿಗಲಿ ಎಂಬುದಷ್ಟೇ ಆತನ ವಿಜ್ಞಾನ.

ಆ ದೇಹಕ್ಕೆ ಜೀವ ಬರುತ್ತದೆ. ಇರಾನ್ ಯುದ್ಧಕ್ಕೆ ಹೋಗಿ ಮರಳದ ಮಗನಿಗಾಗಿ ಕಾಯುತ್ತಿರುವ ನೆರೆಮನೆಯ ಎಲೀಶ್ವಾ ಎಂಬ ಕ್ರೈಸ್ತ ಅಜ್ಜಿ ಅದನ್ನು ತನ್ನ ಮಗನೆಂದೇ ಕರೆಯುತ್ತಾಳೆ. ಆ ಜೀವಿ ತನ್ನ ಒಂದೊಂದು ಅಂಗದ ಮೂಲ ಒಡೆಯನನ್ನು ಕೊಂದವರ ಮೇಲೆ ಸೇಡು ತೀರಿಸಲು ಹೊರಡುತ್ತದೆ. ಸೇಡು ತೀರಿದ ಅಂಗ ಕೊಳೆತು ಉದುರುತ್ತದೆ. ಹೊಸ ಮಾಂಸ ಬೇಕು. ಮೊದಲು ಅಮಾಯಕರ ಅಂಗ, ಆಮೇಲೆ ಅಪರಾಧಿಗಳ ಅಂಗ. ಕೊನೆಗೆ ಒಂದು ಜೊತೆ ಕಣ್ಣಿಗಾಗಿ ದಾರಿಯಲ್ಲಿ ಸಿಕ್ಕ ನಿರಪರಾಧಿ ಮುದುಕನ ಕೊಲೆ. ಯಾರು ಅಮಾಯಕ, ಯಾರು ಅಪರಾಧಿ ಎಂಬ ಲೆಕ್ಕ ಅದಕ್ಕೇ ತಪ್ಪಿಹೋಗುತ್ತದೆ. ಎಲ್ಲ ಪಂಗಡಗಳ ತುಂಡುಗಳಿಂದಾದ ಈತನೇ ಮೊದಲ ನಿಜವಾದ ಇರಾಕಿ ಪ್ರಜೆ ಎಂದು ಹಿಂಬಾಲಕನೊಬ್ಬ ನಂಬುತ್ತಾನೆ. ದೇಶವನ್ನು ಒಗ್ಗೂಡಿಸಿದ್ದು ಅದರ ಹೆಣಗಳು ಮಾತ್ರ ಎಂಬ ಈ ವ್ಯಂಗ್ಯವನ್ನು ಅರಗಿಸಿಕೊಳ್ಳುವುದು ಸುಲಭವಲ್ಲ.

'ಡ್ಯೂನ್' ಎದುರಿಗೆ ಇದನ್ನಿಟ್ಟು ನೋಡಿ. ಅಲ್ಲಿ ಅರಬ್ ಹೆಸರುಗಳಿವೆ, ಇಲ್ಲಿ ಅರಬ್ ಮನುಷ್ಯರಿದ್ದಾರೆ. ಸುಳ್ಳುಗಾರ, ಕುಡುಕ, ಜಿಪುಣ, ಹಟಮಾರಿ ಅಜ್ಜಿ, ಮೇಲಧಿಕಾರಿಗೆ ಮರುಳಾಗುವ ಪತ್ರಕರ್ತ, ಜ್ಯೋತಿಷಿಗಳನ್ನಿಟ್ಟುಕೊಂಡು ಅಪರಾಧ ಹುಡುಕುವ ಪೊಲೀಸ್ ಅಧಿಕಾರಿ. ಯಾರೂ ಸಂತರಲ್ಲ. ಎಲ್ಲರಿಗೂ ಅನುಮಾನ ಇದೆ, ಆಸೆ ಇದೆ. ಮುಸ್ಲಿಂ ಪಾತ್ರವೆಂದರೆ ಒಂದೋ ಭಯೋತ್ಪಾದಕ, ಇಲ್ಲವೇ ಭಯೋತ್ಪಾದಕ ಅಲ್ಲವೆಂದು ಪ್ರಮಾಣಪತ್ರ ಹಿಡಿದು ನಿಂತ ಒಳ್ಳೆಯವ ಎಂಬ ಎರಡು ಅಚ್ಚುಗಳಿಂದ ಇವರು ಪಾರಾಗಿದ್ದಾರೆ. ನಮಗೆ ಬೇಕಾದದ್ದು ಈ ಬಿಡುಗಡೆ.

1905ರಲ್ಲಿ ಒಬ್ಬಳು ಕಂಡದ್ದು

ಈಗ ಕೊನೆಯ ಪುಸ್ತಕ. ಪುಸ್ತಕ ಎನ್ನುವುದಕ್ಕಿಂತ ಒಂದೇ ಕೂರಿನಲ್ಲಿ ಓದಿ ಮುಗಿಸಬಹುದಾದ ಕತೆ. 1880ರಲ್ಲಿ ರಂಗ್‌ಪುರದ ಪೈರಾಬಂದಿನಲ್ಲಿ ಹುಟ್ಟಿದ ರುಖಿಯಾರನ್ನು ಮನೆಯವರು ಶಾಲೆಗೆ ಕಳುಹಿಸಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣನಿಂದ ಇಂಗ್ಲಿಷ್ ಕಲಿತರು. 1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಅವರ ಇಂಗ್ಲಿಷ್ ಕತೆಯನ್ನು ಪ್ರಕಟಿಸಿತು. ಆ ಕತೆಯಲ್ಲಿ ಹೆಂಗಸರು ಆಳುವ ನಾಡೊಂದಿದೆ. ಅಲ್ಲಿ ಸೂರ್ಯನ ಶಾಖದಿಂದ ಅಡುಗೆ ಬೇಯುತ್ತದೆ. ಆಕಾಶದಿಂದಲೇ ನೀರನ್ನು ಇಳಿಸಿಕೊಳ್ಳುತ್ತಾರೆ. ಜನ ಹಾರುವ ವಾಹನಗಳಲ್ಲಿ ಓಡಾಡುತ್ತಾರೆ. ದಿನಕ್ಕೆ ಎರಡೇ ಗಂಟೆ ಕೆಲಸ. ಗಂಡಸರು 'ಮರ್ದಾನಾ'ದೊಳಗೆ ಮಕ್ಕಳನ್ನು ನೋಡಿಕೊಂಡು ಕೂತಿದ್ದಾರೆ. ಎರಡು ಮಹಿಳಾ ವಿಶ್ವವಿದ್ಯಾಲಯಗಳು ಈ ಆವಿಷ್ಕಾರಗಳನ್ನು ಮಾಡಿದಾಗ ಸೇನೆಯ ಗಂಡಸರು ಭಾವುಕತೆ ಎಂದು ನಕ್ಕಿರುತ್ತಾರೆ. ಯುದ್ಧದಲ್ಲಿ ಅವರು ಸೋತು ಕೂತಾಗ ಮುಖ್ಯೋಪಾಧ್ಯಾಯಿನಿ ಎರಡು ಸಾವಿರ ವಿದ್ಯಾರ್ಥಿನಿಯರೊಂದಿಗೆ ಹೋಗಿ ಸೂರ್ಯಕಿರಣಗಳನ್ನು ಒಟ್ಟುಗೂಡಿಸಿ ಶತ್ರುಸೇನೆಯತ್ತ ತಿರುಗಿಸುತ್ತಾಳೆ.

ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಲ್ಲವೇ? ಮರ್ದಾನಾದೊಳಗಿನ ಗಂಡಸರಿಗೆ ಹೆಸರಿಲ್ಲ, ಮುಖವಿಲ್ಲ, ಮಾತಿಲ್ಲ. ಅನ್ಯಾಯವೇ? ಖಂಡಿತ. ಅದೇ ಆಕೆಯ ವಾದ. ಈ ಕತೆ ಓದಿ ಸಿಟ್ಟಾಗುವ ಗಂಡಸು, ತನ್ನ ಮನೆಯ ಒಳಕೋಣೆಯಲ್ಲಿ ಹೆಸರು, ಮುಖ, ಮಾತು ಇಲ್ಲದೆ ಕೂತವಳನ್ನು ಒಮ್ಮೆ ನೆನೆಯಲಿ ಎಂದೇ ಆಕೆ ಕನ್ನಡಿ ಹಿಡಿದದ್ದು. ಅದು ಬರೀ ಕನಸಾಗಿಯೂ ಉಳಿಯಲಿಲ್ಲ. 1911ರಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರೊಂದಿಗೆ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕತೆಯ ಎರಡು ಸಾವಿರಕ್ಕೂ ಶಾಲೆಯ ಎಂಟಕ್ಕೂ ನಡುವಿನ ದೂರವನ್ನು ಅವರು 1932ರಲ್ಲಿ ಕಣ್ಣು ಮುಚ್ಚುವವರೆಗೆ ನಡೆದರು.

ಹಳೆಯದನ್ನೇ ನಾಳೆ ಎನ್ನುವವರು

ರುಖಿಯಾ ತಮ್ಮ ಹಾರುವ ವಾಹನವನ್ನು ಕನಸು ಎಂದೇ ಕರೆದರು. ಅದೇ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 'ವೈಮಾನಿಕ ಶಾಸ್ತ್ರ'ವನ್ನು ಹೇಳಿ ಬರೆಸಿದರು. ಅದನ್ನು ಕಲ್ಪನೆಯೆಂದು ಓದಿದ್ದರೆ ಕನ್ನಡ ನೆಲದ ಸ್ವಾರಸ್ಯದ ಕೃತಿಯೊಂದಾಗಿ ಉಳಿಯುತ್ತಿತ್ತು. ಆದರೆ ಅದನ್ನು ಪ್ರಾಚೀನ ವಿಜ್ಞಾನವೆಂದು ಹೊತ್ತು ಮೆರೆಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು 1974ರಲ್ಲೇ ಅದನ್ನು ಪರಿಶೀಲಿಸಿ, ಅಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು, ಗ್ರಂಥವೂ 1904ಕ್ಕಿಂತ ಹಳೆಯದಲ್ಲ ಎಂದು ತೀರ್ಪು ಕೊಟ್ಟಿದ್ದರು. ಆದರೂ 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು.

ಇದನ್ನು ಓದಿ ನಗುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಪಾಶ್ಚಾತ್ಯರು ಏನನ್ನಾದರೂ ಕಂಡುಹಿಡಿದ ಮರುದಿನವೇ ಅದು ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎಂದು ಸಾರುವ ಭಾಷಣಕಾರರು ನಮ್ಮಲ್ಲಿ ಕಡಿಮೆಯೇ? ದಿವ್ಯಗ್ರಂಥವನ್ನು ಪೇಟೆಂಟ್ ಕಚೇರಿಯ ದಾಖಲೆಯಂತೆ ಹಿಡಿಯುವುದು ಗ್ರಂಥಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ಹನ್ನೆರಡನೆಯ ಶತಮಾನದ ಆಂದಲೂಸಿನ ಇಬ್ನ್ ತುಫೈಲ್‌ರ ಹೆಸರನ್ನು ಇದೇ ಭಾಷಣಕಾರರು ಹೆಮ್ಮೆಯಿಂದ ಹೇಳುತ್ತಾರೆ. ಅವರ 'ಹಯ್ಯ್ ಇಬ್ನ್ ಯಕ್‌ಝಾನ್' ಕೃತಿ 1671ರಲ್ಲೇ ಲ್ಯಾಟಿನ್ನಿಗೆ ಹೋಯಿತು, 'ರಾಬಿನ್ಸನ್ ಕ್ರೂಸೋ' ಬಂದದ್ದು 1719ರಲ್ಲಿ ಎಂದು ಲೆಕ್ಕ ಕೊಡುತ್ತಾರೆ. ಸರಿ. ಆದರೆ ಆ ಕತೆಯ ಹುಡುಗ ಮಾಡಿದ್ದೇನು? ನಿರ್ಜನ ದ್ವೀಪದಲ್ಲಿ ತನ್ನನ್ನು ಸಾಕಿದ ತಾಯಿಜಿಂಕೆ ಸತ್ತಾಗ, ಇದರೊಳಗಿಂದ ಹೊರಟುಹೋದದ್ದು ಏನು ಎಂದು ತಿಳಿಯಲು ಅದರ ಎದೆ ಬಗೆದು ನೋಡಿದ. ಯಾರನ್ನೂ ಕೇಳದೆ, ಯಾರ ಮಾತನ್ನೂ ಉದ್ಧರಿಸದೆ, ತನ್ನ ಕಣ್ಣಿನಿಂದ ನೋಡಿ, ತನ್ನ ಬುದ್ಧಿಯಿಂದ ಯೋಚಿಸಿ ಸೃಷ್ಟಿಕರ್ತನವರೆಗೆ ತಲುಪಿದ. ಆ ಹುಡುಗನ ಹೆಸರು ಹೇಳಿ ಹೆಮ್ಮೆ ಪಡುವ ನಾವು ನಮ್ಮ ಮಕ್ಕಳು ಒಂದು ಪ್ರಶ್ನೆ ಕೇಳಿದರೆ ಸುಮ್ಮನೆ ಕೂರು ಎನ್ನುತ್ತೇವೆ. ಇದೆಂಥ ವಾರಸುದಾರಿಕೆ?

ಕಳೆದುಹೋದದ್ದನ್ನು ಹೊಗಳುತ್ತ ಕೂರುವವರಿಗೆ ನಾಳೆಯಲ್ಲಿ ಪಾತ್ರ ಸಿಗುವುದಿಲ್ಲ. ಬಹುಸಂಖ್ಯಾತರ ಪಂಡಿತರಿಗೂ ಇದು ಅನ್ವಯಿಸುತ್ತದೆ, ನಮ್ಮ ಭಾಷಣಕಾರರಿಗೂ ಅನ್ವಯಿಸುತ್ತದೆ.

ಕನ್ನಡದಲ್ಲಿ ಏನಾಗಬೇಕು?

ಕನ್ನಡಕ್ಕೆ ಈ ದಾರಿ ಹೊಸದಲ್ಲ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಯನ್ನು ಜೀವಮಾನದ ಕೆಲಸವಾಗಿ ಹಚ್ಚಿಕೊಂಡರು. ನಮ್ಮ ವಿಮರ್ಶಕರು ಅವರ ಬಗ್ಗೆ ಎಷ್ಟು ಪುಟ ಬರೆದಿದ್ದಾರೆ ಎಂದು ಓದುಗರೇ ಎಣಿಸಿ ನೋಡಲಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಟ್ಟುನಿಟ್ಟಾಗಿ ಈ ವರ್ಗಕ್ಕೆ ಸೇರದಿದ್ದರೂ, ನಾವು ಕೇಳುತ್ತಿರುವ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟ ಕನ್ನಡ ಪುಸ್ತಕ ಅದು. ಊರು ಉಡಾಳನೆಂದು ಕಡೆಗಣಿಸಿದ, ಜೇನು ಹುಡುಕುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ನಿಸರ್ಗವನ್ನು ನೋಡಬಲ್ಲ ಅಪರೂಪದ ಕಣ್ಣನ್ನು ಗುರುತಿಸುತ್ತಾರೆ. ಕಾಡಿನಲ್ಲಿ ಹಾರುವ ಓತಿಯ ಹಿಂದೆ ಹೊರಟ ಆ ಗುಂಪಿನಲ್ಲಿ ಮಂದಣ್ಣ ಹೊರೆ ಹೊರುವ ಆಳಲ್ಲ. ಆತನಿಲ್ಲದೆ ಆ ಹುಡುಕಾಟವೇ ಇಲ್ಲ. ಹರ್ಬರ್ಟ್ ಸ್ಟಿಲ್ಗರ್‌ಗೆ ಕೊಡದ್ದನ್ನು ತೇಜಸ್ವಿ ಮಂದಣ್ಣನಿಗೆ ಕೊಟ್ಟರು.

ಇನ್ನು ಇರಾಕಿನ ಲೇಖಕ ಹಸನ್ ಬ್ಲಾಸಿಂ ಮಾಡಿದ ಒಂದು ಕೆಲಸವನ್ನು ನಾವೂ ಮಾಡಬಹುದು. 2003ರ ಆಕ್ರಮಣವಾಗಿ ನೂರು ವರ್ಷ ಕಳೆದ ಮೇಲೆ, ಅಂದರೆ 2103ರಲ್ಲಿ, ನಿಮ್ಮ ಊರು ಹೇಗಿರುತ್ತದೆ ಎಂದು ಬರೆಯಿರಿ ಎಂದು ಅವರು ತಮ್ಮ ದೇಶದ ಕತೆಗಾರರನ್ನು ಕೇಳಿದರು.‌ ಕಣ್ಣೆದುರಿನ ಸಾವುನೋವುಗಳ ನಡುವೆ ನಾಳೆಯನ್ನು ಕಲ್ಪಿಸುವುದು ಅವರಿಗೆ ಸುಲಭವಾಗಿರಲಿಲ್ಲ. ಆದರೂ 'ಇರಾಕ್ + 100' 2016ರಲ್ಲಿ ಬಂತು. 2019ರಲ್ಲಿ ಬಸ್ಮಾ ಗಲಾಯಿನಿ ಸಂಪಾದಿಸಿದ 'ಪ್ಯಾಲೆಸ್ಟೈನ್ + 100' ಬಂತು. ಅದರ ಕತೆಗಳು ನಖ್ಬಾಕ್ಕೆ ನೂರು ತುಂಬುವ 2048ರಲ್ಲಿ ನಡೆಯುತ್ತವೆ. ಬಾಂಬುಗಳ ನಡುವೆ ಬದುಕಿದವರು ನಾಳೆಯನ್ನು ಬಿಟ್ಟುಕೊಡಲಿಲ್ಲ. ನಮಗೇನು ಅಡ್ಡಿ?

ಗಲ್ಫಿನ ಎಣ್ಣೆ ಮುಗಿದ ದಿನ ನಮ್ಮ ಕರಾವಳಿಯ ಬೀದಿಗಳು ಹೇಗಿರುತ್ತವೆ? ಭಟ್ಕಳದ, ಉಳ್ಳಾಲದ ಮನೆಗಳಿಗೆ ಯಾರು ಎಲ್ಲಿಂದ ದುಡಿದು ತರುತ್ತಾರೆ? ಕಡಲು ಏರಿ ಬಂದರೆ ದಡದ ಮಸೀದಿ, ದೇವಸ್ಥಾನ, ಇಗರ್ಜಿಗಳ ಜನ ಯಾವ ಗುಡ್ಡದಲ್ಲಿ ಒಟ್ಟಿಗೆ ಮನೆ ಕಟ್ಟುತ್ತಾರೆ? ಕಲಬುರಗಿಯ ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡುವುದು ಅಸಾಧ್ಯವಾದಾಗ ಕೂಲಿಯವಳ ಗತಿ ಏನು? ಬಾಡಿಗೆಗೆ ಮನೆ ಕೊಡಬೇಕೋ ಬೇಡವೋ ಎಂದು ಯಂತ್ರವೊಂದು ಹೆಸರು ನೋಡಿ ತೀರ್ಮಾನಿಸುವ ನಗರದಲ್ಲಿ ಫಾತಿಮಾ ಏನು ಮಾಡುತ್ತಾಳೆ? ಇವು ಮಕ್ಕಳ ಕತೆಗಳೇ?

ನಮ್ಮ ಶಾಲೆಗಳೂ ಸಂಘಸಂಸ್ಥೆಗಳೂ ಪ್ರತಿವರ್ಷ ಗತಕಾಲದ ಕೊಡುಗೆಗಳ ಬಗ್ಗೆ ಪ್ರಬಂಧ ಸ್ಪರ್ಧೆ ಇಡುತ್ತವೆ. ಈ ವರ್ಷ ಅದರ ಪಕ್ಕದಲ್ಲಿ ಇನ್ನೊಂದು ಸ್ಪರ್ಧೆ ಇಡಲಿ: 2100ರಲ್ಲಿ ನನ್ನ ಊರು. 'ಸುಲ್ತಾನಾಳ ಕನಸು' ನಮ್ಮ ಪ್ರತಿಯೊಂದು ಹೆಣ್ಣುಮಕ್ಕಳ ಶಾಲೆಯ ಕಪಾಟಿನಲ್ಲಿ ಕನ್ನಡದಲ್ಲಿ ಸಿಗುವಂತಾಗಲಿ. ಕನ್ನಡದ ಕತೆಗಾರರಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮ ನಾಳೆಯ ಕತೆಯಲ್ಲಿ ನಮಗೆ ಸಂತನ ಪಾತ್ರವೂ ಬೇಡ, ಖಳನ ಪಾತ್ರವೂ ಬೇಡ. ಅನುಮಾನಪಡುವ, ಜಗಳವಾಡುವ, ತಪ್ಪು ಮಾಡಿ ತಿದ್ದಿಕೊಳ್ಳುವ ಸಾದಾ ಮನುಷ್ಯನ ಪಾತ್ರ ಸಾಕು. ನೀವು ಕೊಡದಿದ್ದರೆ ನಮ್ಮ ಮಕ್ಕಳು ತಾವೇ ಬರೆದುಕೊಳ್ಳಲಿ. ಅವರ ಕೈಯಿಂದ ಪೆನ್ನು ಕಸಿಯದಿರುವ ಹೊಣೆಯಂತೂ ಮನೆಯ ಹಿರಿಯರಾದ ನಮ್ಮ ಮೇಲೆಯೇ ಇದೆ.